ತಿದ್ದುವ ಮುನ್ನ ಮೆಚ್ಚಲು ಕಲಿಯೋಣ

(ಪೋಷಕರು, ಮದ್ರಸ ಅಧ್ಯಾಪಕರು ಹಾಗೂ ಯುವಜನರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಅಲ್ಲಾಹನನ್ನು ಸ್ತುತಿಸುತ್ತಾ, ಪ್ರವಾದಿವರ್ಯರಿಗೆ(ಸ) ಸಲಾಂ ಹೇಳುತ್ತಾ, ಬುಖಾರಿ ಗ್ರಂಥದಲ್ಲಿ ದಾಖಲಾಗಿರುವ ಒಂದು ಪ್ರಸಂಗದಿಂದ ಮಾತನ್ನು ಆರಂಭಿಸುತ್ತೇವೆ.

ಒಮ್ಮೆ ಪ್ರವಾದಿವರ್ಯರು(ಸ) ತಮ್ಮ ಸಂಗಾತಿಗಳೊಂದಿಗೆ ಕುಳಿತಿದ್ದರು. ಎಲೆ ಉದುರದ ಒಂದು ಮರವಿದೆ, ಅದು ಮುಸ್ಲಿಮನಿಗೆ ಹೋಲಿಕೆಯಾಗುತ್ತದೆ, ಯಾವುದೆಂದು ಹೇಳಬಲ್ಲಿರಾ ಎಂದು ಅವರು ಕೇಳಿದರು. ಸಭಿಕರ ಯೋಚನೆ ಮರುಭೂಮಿಯ ಮರಗಳತ್ತ ಹರಿಯಿತು. ಹ. ಉಮರ್(ರ) ಅವರ ಪುತ್ರ ಅಬ್ದುಲ್ಲಾ(ರ) ಅಲ್ಲಿದ್ದವರಲ್ಲಿ ಅತ್ಯಂತ ಕಿರಿಯರು. ಅದು ಖರ್ಜೂರದ ಮರವೆಂದು ಅವರಿಗೆ ಹೊಳೆದಿತ್ತು. ಆದರೆ ಹ. ಅಬೂಬಕರ್(ರ), ಹ. ಉಮರ್(ರ) ಅವರಂತಹ ಹಿರಿಯರೇ ಮೌನವಾಗಿರುವಾಗ ಬಾಯಿ ತೆರೆಯಲು ಸಂಕೋಚವಾಯಿತು. ಕೊನೆಗೆ ಪ್ರವಾದಿವರ್ಯರೇ(ಸ) ಉತ್ತರ ತಿಳಿಸಿದರು. ಅದು ಖರ್ಜೂರದ ಮರವೇ ಆಗಿತ್ತು. ಸಭೆ ಮುಗಿದ ಬಳಿಕ ಅಬ್ದುಲ್ಲಾ(ರ) ತಂದೆಯ ಬಳಿ ವಿಷಯ ಹೇಳಿಕೊಂಡರು. ಹಿರಿಯರ ನಡುವೆ ಸುಮ್ಮನಿದ್ದುದು ಒಳ್ಳೆಯದಾಯಿತೆಂದು ತಂದೆ ಹೇಳಲಿಲ್ಲ. ಮಗ ಆ ಉತ್ತರವನ್ನು ಹೇಳಿಬಿಟ್ಟಿದ್ದರೆ ಅದು ತಮಗೆ ಯಾವ ಸಂಪತ್ತಿಗಿಂತಲೂ ಪ್ರಿಯವಾಗುತ್ತಿತ್ತೆಂಬ ಭಾವದ ಮಾತನ್ನಾಡಿದರು.

ಈ ಪ್ರಸಂಗವನ್ನು ನಾವು ಸಾಮಾನ್ಯವಾಗಿ ಖರ್ಜೂರದ ಮರದ ಮಹಿಮೆಯನ್ನು ಹೇಳಲು ಬಳಸುತ್ತೇವೆ. ಇಂದು ಆ ಬಾಲಕನ ಮೌನದ ಕುರಿತು ಯೋಚಿಸೋಣ. ಉತ್ತರ ತಿಳಿದಿದ್ದೂ ಬಾಯಿ ತೆರೆಯದ ಮಕ್ಕಳು ನಮ್ಮ ಮನೆಗಳಲ್ಲಿ ಎಷ್ಟಿದ್ದಾರೆ? ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಗಳಿಸಿ ತರಗತಿಯಲ್ಲಿ ಒಂದು ಪ್ರಶ್ನೆಯನ್ನೂ ಕೇಳದ ಹೆಣ್ಣುಮಕ್ಕಳು ಎಷ್ಟಿದ್ದಾರೆ? ಬ್ಯಾಂಕಿಗೋ ತಾಲೂಕು ಕಚೇರಿಗೋ ಹೋಗಬೇಕಾದಾಗ ಅರ್ಜಿ ತುಂಬಲು ಗೊತ್ತಿದ್ದರೂ ಕೌಂಟರಿನ ಮುಂದೆ ನಿಲ್ಲಲು ಅಳುಕಿ ಮತ್ತೊಬ್ಬರನ್ನು ಜೊತೆಗೆ ಕರೆದೊಯ್ಯುವ ಯುವಕರು ಎಷ್ಟಿದ್ದಾರೆ? ಇವರಿಗೆ ಜ್ಞಾನದ ಕೊರತೆಯಿಲ್ಲ. ತನ್ನ ಮಾತಿಗೂ ಬೆಲೆಯಿದೆ ಎಂಬ ಭರವಸೆಯ ಕೊರತೆಯಿದೆ. ಆ ಭರವಸೆಯನ್ನು ಕೊಡಬೇಕಾದವರು ಯಾರು ಎಂಬುದೇ ಇಂದಿನ ವಿಷಯ.

ತೂಗಿ ತೂಗಿ ಬೇಸತ್ತ ಸಮುದಾಯ

ನಮ್ಮದು ಸದಾ ತಕ್ಕಡಿಯಲ್ಲಿರುವ ಸಮುದಾಯ. ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯು 2006ರ ನವೆಂಬರ್‌ನಲ್ಲಿ ಸಲ್ಲಿಸಿದ ವರದಿಯ ಅಂಕಿಅಂಶಗಳು ನಿಮಗೆ ನೆನಪಿರಬಹುದು. 2001ರ ಜನಗಣತಿಯಂತೆ ಜನಸಂಖ್ಯೆಯಲ್ಲಿ ಶೇ. 13.4ರಷ್ಟಿದ್ದ ಮುಸ್ಲಿಮರು ಐ.ಎ.ಎಸ್.ನಲ್ಲಿ ಶೇ. 3, ವಿದೇಶಾಂಗ ಸೇವೆಯಲ್ಲಿ ಶೇ. 1.8 ಮತ್ತು ಐ.ಪಿ.ಎಸ್.ನಲ್ಲಿ ಶೇ. 4ರಷ್ಟು ಮಾತ್ರವಿದ್ದರು. 6ರಿಂದ 14 ವರ್ಷ ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ನಾಲ್ಕನೆಯ ಒಂದರಷ್ಟು ಮಂದಿ ಶಾಲೆಯ ಮೆಟ್ಟಿಲೇ ಹತ್ತದವರು ಅಥವಾ ಅರ್ಧಕ್ಕೆ ಬಿಟ್ಟವರಾಗಿದ್ದರು. ಅದೇ ವರದಿಯು ಅಂಕಿಗಳಲ್ಲಿ ಅಳೆಯಲಾಗದ ಇನ್ನೊಂದು ಸಂಗತಿಯನ್ನೂ ಗುರುತಿಸಿತ್ತು. ಒಂದೆಡೆ ದೇಶದ್ರೋಹಿಗಳೆಂಬ ಆರೋಪ, ಇನ್ನೊಂದೆಡೆ ತುಷ್ಟೀಕರಣ ಪಡೆದವರೆಂಬ ಆರೋಪ. ಈ ಎರಡು ಹೊರೆಗಳನ್ನು ಈ ಸಮುದಾಯವು ಏಕಕಾಲಕ್ಕೆ ಹೊರುತ್ತಿದೆ ಎಂದು ಅದು ಹೇಳಿತ್ತು.

ಹೊರೆ ಹೊತ್ತವನ ನಡಿಗೆ ಬದಲಾಗುತ್ತದೆ. ಸದಾ ಸಂಶಯದ ಕಣ್ಣಿನ ಮುಂದೆ ನಿಲ್ಲುವವನಿಗೆ ತನ್ನ ಬಗ್ಗೆಯೇ ಸಂಶಯ ಹುಟ್ಟುತ್ತದೆ. ಇದು ಬರಿಯ ಭಾವನೆಯ ಮಾತಲ್ಲ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಇಬ್ಬರು ಅರ್ಥಶಾಸ್ತ್ರಜ್ಞೆಯರು ಉತ್ತರ ಪ್ರದೇಶದ ಗ್ರಾಮೀಣ ಶಾಲಾ ಬಾಲಕರ ನಡುವೆ ಒಂದು ಪ್ರಯೋಗ ನಡೆಸಿ 2004ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿದರು. ಮೇಲ್ಜಾತಿಯ ಮತ್ತು ಕೆಳಜಾತಿಯ ಬಾಲಕರಿಗೆ ಕಾಗದದ ಮೇಲಿನ ಒಗಟಿನ ದಾರಿಗಳನ್ನು ಬಿಡಿಸಲು ಕೊಡಲಾಯಿತು. ಬಿಡಿಸಿದಷ್ಟಕ್ಕೆ ಹಣವೂ ಇತ್ತು. ಜಾತಿಯನ್ನು ಹೇಳದಿದ್ದಾಗ ಇಬ್ಬರ ಸಾಧನೆಯಲ್ಲೂ ಗಣನೀಯ ಅಂತರವಿರಲಿಲ್ಲ. ಎಲ್ಲರ ಮುಂದೆ ಪ್ರತಿಯೊಬ್ಬನ ಜಾತಿಯನ್ನು ಓದಿ ಹೇಳಿದಾಗ ಕೆಳಜಾತಿಯ ಬಾಲಕರ ಸಾಧನೆ ಕುಸಿಯಿತು. ಬುದ್ಧಿ ಅದೇ, ಒಗಟು ಅದೇ. ತನ್ನನ್ನು ನೋಡುವವರು ತನ್ನನ್ನು ಕೀಳೆಂದು ಬಲ್ಲರು ಎಂಬ ಅರಿವು ಮಾತ್ರ ಹೊಸದಾಗಿತ್ತು.

2022ರಲ್ಲಿ ನಮ್ಮ ರಾಜ್ಯದಲ್ಲಿ ನಡೆದುದನ್ನು ಈ ಹಿನ್ನೆಲೆಯಲ್ಲಿ ನೆನೆಯಿರಿ. ತಲೆವಸ್ತ್ರದ ವಿವಾದದಲ್ಲಿ ಹದಿನಾರು ಹದಿನೇಳರ ಹೆಣ್ಣುಮಕ್ಕಳು ಕಾಲೇಜಿನ ಗೇಟಿನ ಮುಂದೆ ಟಿ.ವಿ. ಮೈಕುಗಳಿಗೆ ಉತ್ತರಿಸಬೇಕಾಯಿತು. ಆ ವರ್ಷದ ಮಾರ್ಚ್ 15ರಂದು ಹೈಕೋರ್ಟು ಸರಕಾರದ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಾಧೀಶರು ಭಿನ್ನ ತೀರ್ಪು ನೀಡಿದರು. ನ್ಯಾಯಾಲಯದ ವಾದವನ್ನು ಇಲ್ಲಿ ಮತ್ತೆ ಮಾಡಲು ನಾವು ಬಯಸುವುದಿಲ್ಲ. ನಮ್ಮ ಪ್ರಶ್ನೆ ನಮ್ಮನ್ನು ಕುರಿತದ್ದು. ತನ್ನ ಹಕ್ಕಿನ ಕುರಿತು ನಾಲ್ಕು ಮಾತು ಸ್ಪಷ್ಟವಾಗಿ ಹೇಳಬೇಕಾದ ದಿನ ಆ ಹುಡುಗಿಯರಿಗೆ ಹಠಾತ್ತನೆ ಬಂತು. ಆ ದಿನಕ್ಕಿಂತ ಮುಂಚೆ ಅವರ ಮಾತನ್ನು ಪೂರ್ತಿಯಾಗಿ, ನಡುವೆ ತಡೆಯದೆ ಆಲಿಸಿದವರು ಯಾರು? ಮನೆಯೇ? ಮದ್ರಸವೇ? ಮಹಲ್ಲಾದ ಜಮಾಅತೇ?

ನಮ್ಮದೇ ಒಂದು ತಪ್ಪು

ಇತರರತ್ತ ಬೆರಳು ತೋರಿಸುವ ಮುನ್ನ ನಮ್ಮದೇ ತಪ್ಪೊಂದನ್ನು ಇಲ್ಲಿ ಹೇಳಬೇಕಾಗಿದೆ.

ಕೆಲವು ವರ್ಷಗಳ ಹಿಂದೆ ನಾವು ಕೆಲವರು ಸೇರಿ ಕಾಲೇಜು ವಿದ್ಯಾರ್ಥಿನಿಯರಿಗಾಗಿ ವಾರಕ್ಕೊಂದು ಅಧ್ಯಯನ ವರ್ಗವನ್ನು ಆರಂಭಿಸಿದ್ದೆವು. ಪ್ರತಿ ವಾರವೂ ಒಬ್ಬಳು ಐದು ನಿಮಿಷ ಮಾತನಾಡಬೇಕು, ಬಳಿಕ ಹಿರಿಯರು ಅಭಿಪ್ರಾಯ ಹೇಳಬೇಕು ಎಂಬುದು ಕ್ರಮವಾಗಿತ್ತು. ಒಂದು ವಾರ ಪದವಿಯ ಮೊದಲ ವರ್ಷದಲ್ಲಿದ್ದ ಹುಡುಗಿಯೊಬ್ಬಳ ಸರದಿ ಬಂತು. ವಿಷಯ, ಹ. ಖದೀಜಾ(ರ) ಅವರ ವ್ಯಾಪಾರ. ಕೈಯಲ್ಲಿದ್ದ ಕಾಗದ ನಡುಗುತ್ತಿತ್ತು. ಧ್ವನಿ ಮೆಲ್ಲಗಿತ್ತು. ಆದರೂ ಮಾತು ಮುಗಿಸಿದಳು.

ಬಳಿಕ ನಾವು ಆರಂಭಿಸಿದೆವು. ಅರಬಿ ಪದವೊಂದರ ಉಚ್ಚಾರ ತಪ್ಪಾಗಿದೆ ಎಂದರು ಒಬ್ಬರು. ಕನ್ನಡದಲ್ಲಿ ‘ಳ’ ಇರಬೇಕಾದಲ್ಲಿ ‘ಲ’ ಬರುತ್ತಿದೆ, ಹೊರಗಿನವರ ಮುಂದೆ ಮಾತನಾಡುವಾಗ ನಗೆಪಾಟಲಾಗುತ್ತದೆ ಎಂದರು ಇನ್ನೊಬ್ಬರು. ಕಾಗದ ನೋಡದೆ ಮಾತನಾಡಲು ಕಲಿಯಬೇಕೆಂದು ನಾವೂ ಸೇರಿಸಿದೆವು. ಮೂರೂ ಸರಿಯಾದ ಮಾತುಗಳೇ. ಮೂರನ್ನೂ ಅವಳ ಹಿತಕ್ಕಾಗಿಯೇ ಹೇಳಿದ್ದೆವು. ಅವಳು ತಲೆಯಾಡಿಸಿ ಕುಳಿತಳು. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ವಿಚಾರಿಸಿದಾಗ ಪರೀಕ್ಷೆಯಿದೆ ಎಂದು ಅವಳ ಉಮ್ಮ ಹೇಳಿದರು.

ತಿಂಗಳ ಬಳಿಕ ವರ್ಗದ ಇನ್ನೊಬ್ಬ ಹುಡುಗಿ ನಮ್ಮೊಡನೆ ಕೇಳಿದ ಪ್ರಶ್ನೆ ನಮ್ಮ ನಿದ್ದೆ ಕೆಡಿಸಿತು. ಆ ದಿನ ಅವಳು ಹೇಳಿದ್ದು ನೆನಪಿದೆಯೇ ಎಂದು ಅವಳು ಕೇಳಿದಳು. ನಮಗೆ ‘ಳ’ಕಾರ ನೆನಪಿತ್ತು, ಕಾಗದ ನೆನಪಿತ್ತು. ಮಾತು ನೆನಪಿರಲಿಲ್ಲ. ಗೆಳತಿ ನೆನಪಿಸಿದಳು. ಹ. ಖದೀಜಾರ(ರ) ಸರಕು ಹೊತ್ತ ಒಂಟೆಗಳ ಸಾಲನ್ನು ಯೋಚಿಸುವಾಗ ತನಗೆ ತನ್ನ ಅಜ್ಜಿ ನೆನಪಾಗುತ್ತಾರೆ ಎಂದು ಆ ಹುಡುಗಿ ಹೇಳಿದ್ದಳು. ಅಜ್ಜಿ ಬೀಡಿ ಸುತ್ತಿ, ಕಟ್ಟುಗಳನ್ನು ಬುಟ್ಟಿಯಲ್ಲಿಟ್ಟು ಬ್ರಾಂಚಿಗೆ ಕೊಂಡೊಯ್ದು, ಬಂದ ಹಣದಿಂದ ತನ್ನ ಕಾಲೇಜು ಶುಲ್ಕ ಕಟ್ಟಿದರು, ದುಡಿಯುವ ಮುಸ್ಲಿಂ ಹೆಣ್ಣನ್ನು ನೋಡಲು ಮಕ್ಕಾದವರೆಗೆ ಹೋಗಬೇಕಾಗಿಲ್ಲ ಎಂದಿದ್ದಳು. ಇಂತಹ ಮಾತನ್ನು ನಮ್ಮ ವೇದಿಕೆಗಳಲ್ಲಿ ವರ್ಷವಿಡೀ ಹುಡುಕಿದರೂ ಸಿಗುವುದು ಕಷ್ಟ. ಅದನ್ನು ಕೇಳಿಯೂ ನಾವು ಕೇಳಿರಲಿಲ್ಲ.

ನಾವು ಅವಳ ಮನೆಗೆ ಹೋದೆವು. ಅಜ್ಜಿಯ ಮುಂದೆಯೇ ಆ ಮಾತನ್ನು ಮೆಚ್ಚಿ ಹೇಳಿದೆವು, ಕ್ಷಮೆ ಕೇಳಿದೆವು. ಅವಳು ಚಹಾ ಕೊಟ್ಟಳು, ನಕ್ಕಳು. ಆದರೆ ವರ್ಗಕ್ಕೆ ಮರಳಲಿಲ್ಲ. ಆ ಸಾಲ ಇಂದಿಗೂ ನಮ್ಮ ಮೇಲಿದೆ. ಹೊತ್ತಿಗೆ ಸರಿಯಾಗಿ ಹೇಳದ ಒಳ್ಳೆಯ ಮಾತು ತಡವಾಗಿ ತಲಪಿದರೆ ಗಾಯವನ್ನು ತೊಳೆಯಬಹುದು, ದಾರಿಯನ್ನು ಮತ್ತೆ ತೆರೆಯಲಾರದು.

ಪ್ರವಾದಿವರ್ಯರು(ಸ) ಕಂಡುಹಿಡಿದ ಧ್ವನಿ

ತಪ್ಪನ್ನು ಕಾಣುವುದು ಸುಲಭ. ತಪ್ಪಿನೊಳಗಿರುವ ಪ್ರತಿಭೆಯನ್ನು ಕಾಣಲು ಪ್ರೀತಿ ಬೇಕು. ಹಿಜರಿ 8ನೇ ವರ್ಷದಲ್ಲಿ ಹುನೈನ್‌ನಿಂದ ಮರಳುವ ದಾರಿಯಲ್ಲಿ ಮುಸ್ಲಿಮರ ಅದಾನ್ ಕೇಳಿ ಮಕ್ಕಾದ ಕೆಲವು ಹುಡುಗರು ಅದನ್ನು ಅಣಕಿಸಿ ಕೂಗಿದರು. ಪ್ರವಾದಿವರ್ಯರು(ಸ) ಅವರನ್ನು ಕರೆಸಿದರು. ಶಿಕ್ಷೆ ಖಚಿತವೆಂದು ಹುಡುಗರು ಭಾವಿಸಿರಬೇಕು. ಆದರೆ ಅವರಲ್ಲಿ ಗಟ್ಟಿಯಾದ ಧ್ವನಿ ಯಾರದೆಂದು ಪ್ರವಾದಿವರ್ಯರು(ಸ) ವಿಚಾರಿಸಿದರು. ಅಬೂ ಮಹ್ದೂರಾ ಎಂಬ ಆ ಯುವಕನನ್ನು ನಿಲ್ಲಿಸಿ ಅದಾನಿನ ಒಂದೊಂದು ವಾಕ್ಯವನ್ನೂ ತಾವೇ ಹೇಳಿಕೊಟ್ಟರು. ಬೆಳ್ಳಿಯಿದ್ದ ಸಣ್ಣ ಚೀಲವನ್ನು ಕೊಟ್ಟು, ತಲೆಯ ಮೇಲೆ ಕೈಯಾಡಿಸಿ ಪ್ರಾರ್ಥಿಸಿದರು. ಅಣಕಿಸಿದ ಅದೇ ಕಂಠ ಮಕ್ಕಾದ ಮಸೀದಿಯ ಮುಅದ್ದಿನ್‌ನ ಕಂಠವಾಯಿತು. ನಾವಾಗಿದ್ದರೆ ಅಣಕವನ್ನು ಮಾತ್ರ ಕೇಳುತ್ತಿದ್ದೆವು. ಪ್ರವಾದಿವರ್ಯರು(ಸ) ಧ್ವನಿಯನ್ನು ಕೇಳಿದರು.

ಆಗ ಸುಮ್ಮನಿದ್ದ ಅಬ್ದುಲ್ಲಾ ಬಿನ್ ಉಮರ್(ರ) ಅವರ ಇನ್ನೊಂದು ಪ್ರಸಂಗವೂ ಇದೆ. ಅವರು ಕಂಡ ಕನಸೊಂದು ಪ್ರವಾದಿವರ್ಯರಿಗೆ(ಸ) ತಿಳಿದಾಗ, ಅಬ್ದುಲ್ಲಾ ಎಷ್ಟು ಒಳ್ಳೆಯ ವ್ಯಕ್ತಿ, ರಾತ್ರಿಯ ನಮಾಝನ್ನೂ ಮಾಡುವವನಾಗಿದ್ದರೆ ಎಂಬರ್ಥದ ಮಾತನ್ನಾಡಿದರು. ಅಂದಿನಿಂದ ಅವರು ರಾತ್ರಿ ನಿದ್ರಿಸುತ್ತಿದ್ದುದು ಸ್ವಲ್ಪವೇ. ಇಲ್ಲಿ ತಿದ್ದುಪಡಿ ಇಲ್ಲವೇ? ಇದೆ. ಆದರೆ ಮೆಚ್ಚುಗೆ ಮೊದಲು ಬಂದು ಬಾಗಿಲು ತೆರೆಯಿತು, ತಿದ್ದುಪಡಿ ಆ ಬಾಗಿಲಿನಿಂದ ಒಳಬಂತು. ನಾವು ಮಾಡುವುದೇನು? ಬಾಗಿಲು ಮುಚ್ಚಿರುವ ಮನೆಯ ಗೋಡೆಗೆ ಹೊರಗಿನಿಂದ ಕಲ್ಲೆಸೆದು, ಉಪದೇಶ ತಲಪಲಿಲ್ಲವೆಂದು ದೂರುತ್ತೇವೆ.

ಹ. ಉಮರ್(ರ) ಖಲೀಫರಾದ ಬಳಿಕವೂ ಖರ್ಜೂರದ ಮರದ ಆ ದಿನವನ್ನು ಮರೆಯಲಿಲ್ಲವೋ ಏನೋ. ಬದ್ರ್‌ನ ಹಿರಿಯರಿದ್ದ ಸಭೆಗೆ ಅವರು ಯುವಕ ಇಬ್ನು ಅಬ್ಬಾಸ್(ರ) ಅವರನ್ನು ಸೇರಿಸಿಕೊಂಡರು. ಇವರಷ್ಟು ವಯಸ್ಸಿನ ಮಕ್ಕಳು ನಮಗೂ ಇದ್ದಾರಲ್ಲಾ ಎಂದು ಹಿರಿಯರಲ್ಲಿ ಕೆಲವರಿಗೆ ಅಸಮಾಧಾನವಾಯಿತು. ಹ. ಉಮರ್(ರ) ಅನ್ನಸ್ರ್ ಅಧ್ಯಾಯದ ಆಶಯವನ್ನು ಎಲ್ಲರೊಡನೆ ಕೇಳಿದರು. ಕೊನೆಗೆ ಇಬ್ನು ಅಬ್ಬಾಸ್(ರ), ಅದು ಪ್ರವಾದಿವರ್ಯರ(ಸ) ವಿದಾಯದ ಸೂಚನೆಯೆಂದರು. ತಮಗೂ ತಿಳಿದಿರುವುದು ಅಷ್ಟೇ ಎಂದು ಖಲೀಫರು ಎಲ್ಲರ ಮುಂದೆ ಒಪ್ಪಿಕೊಂಡರು. ಮತ್ತೊಂದು ಸಭೆಯಲ್ಲಿ ಕುರ್‌ಆನ್ ಸೂಕ್ತವೊಂದರ ಚರ್ಚೆಯಾಗುವಾಗ ತನ್ನ ಮನಸ್ಸಿನಲ್ಲೂ ಏನೋ ಇದೆ ಎಂದು ಇಬ್ನು ಅಬ್ಬಾಸ್(ರ) ಅಳುಕುತ್ತಾ ಹೇಳಿದಾಗ, ಸಹೋದರನ ಮಗನೆಂದು ಅಕ್ಕರೆಯಿಂದ ಕರೆದು, ತನ್ನನ್ನು ತಾನು ಸಣ್ಣವನೆಂದು ಬಗೆಯದೆ ಮಾತನಾಡುವಂತೆ ಹ. ಉಮರ್(ರ) ಹುರಿದುಂಬಿಸಿದರು. ಕುರ್‌ಆನ್ ವ್ಯಾಖ್ಯಾನದಲ್ಲಿ ಇಡೀ ಮುಸ್ಲಿಂ ಜಗತ್ತು ಇಂದಿಗೂ ಅವಲಂಬಿಸುವ ವಿದ್ವಾಂಸರ ಹಿಂದೆ ಅಂತಹ ಒಂದು ಸಭೆಯಿತ್ತು, ಅಂತಹ ಒಬ್ಬ ಹಿರಿಯರಿದ್ದರು.

ಚಿಕ್ಕ ವೃತ್ತದ ಕ್ರಮ

ನಮ್ಮ ತಪ್ಪಿನ ಬಳಿಕ ನಾವು ವರ್ಗದ ಕ್ರಮವನ್ನೇ ಬದಲಿಸಿದೆವು. ಅದು ದೊಡ್ಡ ವಿದ್ಯೆಯೇನಲ್ಲ. ಯಾವ ಮನೆಯ ಜಗಲಿಯಲ್ಲೂ ಮಾಡಬಹುದಾದದ್ದು. ಅದನ್ನು ಇಲ್ಲಿ ವಿವರಿಸುತ್ತೇವೆ.

ಮೊದಲನೆಯದಾಗಿ, ಗುಂಪು ಚಿಕ್ಕದಿರಲಿ. ಆರರಿಂದ ಎಂಟು ಮಂದಿ ಸಾಕು. ನೂರು ಮಂದಿಯ ಮುಂದೆ ನಡುಗುವ ಕಂಠ ಆರು ಮಂದಿಯ ಮುಂದೆ ನಿಧಾನವಾಗಿ ತೆರೆದುಕೊಳ್ಳುತ್ತದೆ. ಮಕ್ಕಾದಲ್ಲಿ ಇಸ್ಲಾಮಿನ ಮೊದಲ ಪಾಠಗಳು ನಡೆದುದು ಅರ್ಕಮ್(ರ) ಅವರ ಮನೆಯಲ್ಲಿ, ಬೆರಳೆಣಿಕೆಯ ಜನರ ನಡುವೆ ಎಂಬುದನ್ನು ನೆನಪಿಡೋಣ. ಎಲ್ಲರೂ ವೃತ್ತಾಕಾರವಾಗಿ ಕುಳಿತುಕೊಳ್ಳಲಿ. ಯಾರಿಗೂ ವೇದಿಕೆ ಬೇಡ.

ಎರಡನೆಯದಾಗಿ, ಪ್ರತಿಯೊಬ್ಬರಿಗೂ ಸಮಾನ ಸಮಯ. ಮೂರು ನಿಮಿಷವೆಂದರೆ ಮೂರು ನಿಮಿಷ. ವಕೀಲರಿಗೂ ಅಷ್ಟೇ, ಮೀನು ಮಾರುವವರಿಗೂ ಅಷ್ಟೇ, ಒಂಬತ್ತನೇ ತರಗತಿಯ ಹುಡುಗನಿಗೂ ಅಷ್ಟೇ. ಆ ಹೊತ್ತಿನಲ್ಲಿ ಯಾರೂ ನಡುವೆ ಬಾಯಿ ಹಾಕುವಂತಿಲ್ಲ, ಪದ ನೆನಪಿಸುವಂತಿಲ್ಲ, ಮೊಬೈಲ್ ನೋಡುವಂತಿಲ್ಲ. ಮಾತನಾಡುವವನು ತಡವರಿಸಿ ನಿಂತರೆ ಕಾಯಬೇಕು. ಮಾತನಾಡಲು ಮನಸ್ಸಿಲ್ಲದವನು ಆ ವಾರ ಕೇಳುಗನಾಗಿಯೇ ಇರಬಹುದು.

ಮೂರನೆಯದಾಗಿ, ಮಾತು ಮುಗಿದಾಗ ಕೇಳಿದವರಲ್ಲಿ ಪ್ರತಿಯೊಬ್ಬರೂ ತಮಗೆ ಹಿಡಿಸಿದ ಒಂದೇ ಒಂದು ಸಂಗತಿಯನ್ನು ಹೇಳಬೇಕು. ಚೆನ್ನಾಗಿತ್ತು ಎಂದಷ್ಟೇ ಹೇಳುವಂತಿಲ್ಲ. ಏನು ಚೆನ್ನಾಗಿತ್ತು? ಯಾವ ಉದಾಹರಣೆ? ಯಾವ ವಾಕ್ಯ ಮನೆಗೂ ಜೊತೆಗೆ ಬರುವಂತಿದೆ? ಇದನ್ನು ಹೇಳಬೇಕಾದರೆ ನಿಜವಾಗಿ ಕೇಳಿರಲೇಬೇಕು. ಈ ನಿಯಮದ ಲಾಭ ಮಾತನಾಡಿದವನಿಗಿಂತ ಹೆಚ್ಚಾಗಿ ಕೇಳುಗನಿಗೇ ಎಂದು ನಮಗೆ ತಿಳಿಯಲು ಕೆಲವು ತಿಂಗಳು ಹಿಡಿಯಿತು. ತಪ್ಪು ಹುಡುಕಲು ಪಳಗಿದ ಕಿವಿ ಒಳಿತನ್ನು ಹುಡುಕಲು ಮತ್ತೆ ಪಾಠ ಕಲಿಯಬೇಕಾಗುತ್ತದೆ.

ನಾಲ್ಕನೆಯದಾಗಿ, ಮೆಚ್ಚುಗೆಯ ಬಾಲಕ್ಕೆ ‘ಆದರೆ’ ಕಟ್ಟಬಾರದು. ಆ ಒಂದು ಪದ ಬಂದೊಡನೆ ಹಿಂದಿನ ಮಾತೆಲ್ಲ ಬರಿಯ ಪೀಠಿಕೆಯಾಗಿಬಿಡುತ್ತದೆ. ಹಾಗೆಯೇ ಒಬ್ಬರನ್ನು ಮತ್ತೊಬ್ಬರೊಂದಿಗೆ ಹೋಲಿಸಬಾರದು. ಮೆಚ್ಚುಗೆ ಪಡೆದವರೂ ಅದನ್ನು ತಳ್ಳಿಹಾಕದೆ ‘ಜಝಾಕಲ್ಲಾಹ್’ ಎಂದು ಸ್ವೀಕರಿಸಬೇಕು. ಇದು ನಮ್ಮ ಹೆಣ್ಣುಮಕ್ಕಳಿಗೆ ಅತ್ಯಂತ ಕಷ್ಟವಾದ ನಿಯಮ. ಇಲ್ಲ ಇಲ್ಲ, ನನಗೇನೂ ಬರುವುದಿಲ್ಲ ಎನ್ನುವುದು ಅವರ ನಾಲಗೆಗೆ ಅಷ್ಟು ರೂಢಿಯಾಗಿದೆ.

ಐದನೆಯದಾಗಿ, ತಿದ್ದುಪಡಿಗೆ ಬೇರೆ ಹೊತ್ತು. ಕೆಲವು ವಾರಗಳ ಬಳಿಕ ಕೇಳುವ ಆಸೆ ಅವರಲ್ಲೇ ಹುಟ್ಟುತ್ತದೆ. ಎಲ್ಲಿ ಸುಧಾರಿಸಬೇಕೆಂದು ಅವರೇ ಬಂದು ಕೇಳುತ್ತಾರೆ. ಆಗ ಇಬ್ಬರೇ ಇರುವಾಗ, ಒಂದು ಸಲಕ್ಕೆ ಒಂದೇ ವಿಷಯವನ್ನು ಹೇಳಬೇಕು.

ಇದರಿಂದ ಪವಾಡಗಳಾದುವೆಂದು ನಾವು ಹೇಳುವುದಿಲ್ಲ. ಕೆಲವರು ಅರ್ಧದಲ್ಲೇ ಬಿಟ್ಟುಹೋದರು. ಕೆಲವರ ಕೈ ಈಗಲೂ ನಡುಗುತ್ತದೆ. ಆದರೆ ಮೊದಲ ವಾರ ತನ್ನ ಹೆಸರು ಹೇಳಿ ಕುಳಿತುಬಿಟ್ಟ ಹುಡುಗಿಯೊಬ್ಬಳು ವರ್ಷದೊಳಗೆ ತನ್ನ ಕಾಲೇಜಿನಲ್ಲಿ ವಿದ್ಯಾರ್ಥಿವೇತನ ತಡವಾದ ಬಗ್ಗೆ ಪ್ರಾಂಶುಪಾಲರ ಮುಂದೆ ನಿಂತು ಮಾತನಾಡಿ ಬಂದಳು. ಧ್ವನಿ ಮೆಲ್ಲಗಿತ್ತಂತೆ, ಮಾತು ಪೂರ್ತಿಯಾಯಿತಂತೆ. ನಮಗೆ ಅಷ್ಟು ಸಾಕಾಗಿತ್ತು.

ಮೆಚ್ಚುಗೆಯೂ ಮುಖಸ್ತುತಿಯೂ

ಇಲ್ಲಿ ನಿಮ್ಮಲ್ಲಿ ಕೆಲವರಿಗೆ ಒಂದು ಆಕ್ಷೇಪ ಹೊಳೆದಿರಬಹುದು. ಮುಖದ ಮುಂದೆ ಹೊಗಳುವುದನ್ನು ಪ್ರವಾದಿವರ್ಯರು(ಸ) ಇಷ್ಟಪಡಲಿಲ್ಲವಲ್ಲ? ನಿಜ. ಒಬ್ಬರು ಇನ್ನೊಬ್ಬರನ್ನು ಅತಿಯಾಗಿ ಹೊಗಳಿದಾಗ, ಇದು ಸಂಗಾತಿಯ ಕೊರಳು ಕೊಯ್ದಂತೆ ಎಂದು ಅವರು ಎಚ್ಚರಿಸಿದ್ದರು. ಹೊಗಳಲೇಬೇಕಾದರೆ ತನಗೆ ತಿಳಿದಷ್ಟನ್ನು ಹೇಳಿ, ನಿಜವಾದ ಲೆಕ್ಕವನ್ನು ಅಲ್ಲಾಹನಿಗೆ ಬಿಡಬೇಕೆಂದು ಕಲಿಸಿದರು. ಅದೇ ಪ್ರವಾದಿವರ್ಯರು(ಸ) ಅಬ್ದುಲ್ ಕೈಸ್ ಗೋತ್ರದ ನಾಯಕನಿಗೆ, ಅಲ್ಲಾಹನು ಮೆಚ್ಚುವ ಎರಡು ಗುಣಗಳು, ಸಹನೆ ಮತ್ತು ಸಾವಧಾನ, ಆತನಲ್ಲಿವೆಯೆಂದು ನೇರವಾಗಿಯೇ ಹೇಳಿದರು. ಇವೆರಡೂ ಪರಸ್ಪರ ವಿರುದ್ಧವಲ್ಲ. ಒಂದು ವ್ಯಕ್ತಿಯನ್ನು ಇದ್ದುದಕ್ಕಿಂತ ದೊಡ್ಡದಾಗಿಸುವ ಹೊಗಳಿಕೆ. ಇನ್ನೊಂದು ವ್ಯಕ್ತಿಯಲ್ಲಿ ನಿಜವಾಗಿ ಇರುವುದನ್ನು ಗುರುತಿಸಿ ಹೇಳುವ ಸಾಕ್ಷ್ಯ.

ಆಧುನಿಕ ಮನಃಶಾಸ್ತ್ರವೂ ಇದೇ ಅಂತರವನ್ನು ಕಂಡಿದೆ. ಅಮೆರಿಕದ ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರೊಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐದನೇ ತರಗತಿಯ ಕೆಲವು ಮಕ್ಕಳನ್ನು ಬುದ್ಧಿವಂತರೆಂದು ಹೊಗಳಿದರು, ಇನ್ನು ಕೆಲವರ ಪರಿಶ್ರಮವನ್ನು ಮೆಚ್ಚಿದರು. ಬಳಿಕ ಕಷ್ಟದ ಪ್ರಶ್ನೆಗಳಲ್ಲಿ ಎಲ್ಲರೂ ಸೋತಾಗ, ಬುದ್ಧಿವಂತರೆನಿಸಿಕೊಂಡವರು ಬೇಗನೆ ಕೈಚೆಲ್ಲಿದರು, ಅವರ ಮುಂದಿನ ಸಾಧನೆಯೂ ಇಳಿಯಿತು. ಪರಿಶ್ರಮಕ್ಕೆ ಮೆಚ್ಚುಗೆ ಪಡೆದವರು ಹಠ ಹಿಡಿದು ಮುಂದುವರಿದರು. ನನ್ನ ಮಗ ಭಾರೀ ಜಾಣ ಎನ್ನುವುದಕ್ಕಿಂತ, ಆ ಲೆಕ್ಕವನ್ನು ಮೂರು ಸಲ ತಪ್ಪಿದರೂ ನಾಲ್ಕನೆಯ ಸಲ ಕುಳಿತು ಮಾಡಿದೆಯಲ್ಲ ಎನ್ನುವುದು ಅವನನ್ನು ಬೆಳೆಸುತ್ತದೆ.

ವಿಪರ್ಯಾಸವೆಂದರೆ, ಪ್ರವಾದಿವರ್ಯರು(ಸ) ತಡೆದ ಹೊಗಳಿಕೆ ನಮ್ಮಲ್ಲಿ ಧಾರಾಳವಾಗಿದೆ, ಅವರು ತೋರಿಸಿಕೊಟ್ಟ ಮೆಚ್ಚುಗೆಗೆ ಬರವಿದೆ. ನಮ್ಮ ಸಮಾರಂಭಗಳನ್ನು ನೋಡಿರಿ. ಶಾಸಕರಿಗೆ ಶಾಲು, ಉದ್ಯಮಿಗಳಿಗೆ ಸ್ಮರಣಿಕೆ, ಕೊಡುಗೈ ದಾನಿಯೆಂಬ ಬಿರುದು. ನಲುವತ್ತು ವರ್ಷ ನಸುಕಿನಲ್ಲೆದ್ದು ಮಸೀದಿಯ ಬಾಗಿಲು ತೆರೆದ ಮುಕ್ರಿಕಾಕನಿಗೆ ಒಂದು ಒಳ್ಳೆಯ ಮಾತು ಸಿಗಬೇಕಾದರೆ ಅವರ ಜನಾಝ ಹೊರಡಬೇಕು. ಮೀಲಾದ್‌ನ ಭಾಷಣ ಸ್ಪರ್ಧೆಯಲ್ಲಿ ಮೂರು ಮಕ್ಕಳಿಗೆ ಬಹುಮಾನ ಸಿಗುತ್ತದೆ. ಉಳಿದ ಮೂವತ್ತು ಮಕ್ಕಳು ತಾವು ಸೋತೆವೆಂಬ ಪಾಠವನ್ನಷ್ಟೇ ಕಲಿತು ಮನೆಗೆ ಹೋಗುತ್ತಾರೆ. ವರ್ಷಕ್ಕೊಮ್ಮೆ ಸ್ಪರ್ಧೆ ಮಾಡುವ ಬದಲು ವಾರಕ್ಕೊಮ್ಮೆ ಆರು ಮಕ್ಕಳ ವೃತ್ತ ನಡೆಸಿದರೆ ಯಾರೂ ಸೋಲುವುದಿಲ್ಲ. ಖರ್ಚಂತೂ ಇಲ್ಲವೇ ಇಲ್ಲ.

ಇಂತಹ ಕ್ರಮವನ್ನು ಹೊರಗಿನವರಿಂದ ಕಲಿಯುವುದರಲ್ಲೂ ತಪ್ಪಿಲ್ಲ. 1924ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸಾಂಟಾ ಆನಾ ಎಂಬ ಊರಿನಲ್ಲಿ ರಾಲ್ಫ್ ಸ್ಮೆಡ್ಲಿ ಎಂಬವರು ಆರಂಭಿಸಿದ ಟೋಸ್ಟ್‌ಮಾಸ್ಟರ್ಸ್ ಕೂಟಗಳಲ್ಲಿ ಸಾಮಾನ್ಯ ಜನರು ಒಬ್ಬರ ಮಾತನ್ನು ಇನ್ನೊಬ್ಬರು ಆಲಿಸಿ, ಉತ್ತೇಜಿಸಿ, ಭಾಷಣಕಾರರಾಗಿ ಬೆಳೆದರು. ನಮ್ಮ ರಾಜ್ಯದ ನಗರಗಳಲ್ಲೂ ಆ ಕೂಟಗಳಿವೆ. ಕರ್ನಾಟಕದಲ್ಲಿ 2000-01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಗುಂಪುಗಳನ್ನೂ ನೋಡಿರಿ. ಉಳಿತಾಯದ ಲೆಕ್ಕ ಬರೆಯಲು ಸೇರಿದ ಹೆಂಗಸರು ಪಂಚಾಯತ್ ಕಚೇರಿಯಲ್ಲಿ ಧೈರ್ಯದಿಂದ ಕೇಳಲು ಕಲಿತುದು ಹದಿನೈದಿಪ್ಪತ್ತು ಮಂದಿಯ ಆ ಚಿಕ್ಕ ಗುಂಪಿನಲ್ಲಿ ಪರಸ್ಪರರ ಬಲದಿಂದಲೇ ಅಲ್ಲವೇ?

ಸಂಸ್ಕರಣೆಯ ಹೆಸರಿನಲ್ಲಿ

ಕೊನೆಯದಾಗಿ, ಸಂಸ್ಕರಣೆಯ ಕಾರ್ಯದಲ್ಲಿರುವ ನಾವೇ ನಮ್ಮನ್ನು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಒಳಿತಿನ ಆದೇಶ ಮತ್ತು ಕೆಡುಕಿನ ವಿರೋಧ ನಮ್ಮ ಹೊಣೆ. ಇದರಲ್ಲಿ ಎರಡನೆಯ ಅರ್ಧವನ್ನು ಮಾತ್ರ ನಾವು ಗಟ್ಟಿಯಾಗಿ ಹಿಡಿದುಕೊಂಡಿದ್ದೇವೆಯೇ? ವರದಕ್ಷಿಣೆ, ದುಂದುವೆಚ್ಚ, ಅನಾಚಾರಗಳನ್ನು ಖಂಡಿಸುವ ಭಾಷಣಗಳನ್ನು ನಾವು ಎಷ್ಟೋ ಮಾಡಿದ್ದೇವೆ. ಅವನ್ನು ಮುಂದೆಯೂ ಮಾಡಬೇಕು. ಆದರೆ ವರದಕ್ಷಿಣೆ ತೆಗೆದುಕೊಳ್ಳದೆ ಸರಳವಾಗಿ ಮದುವೆಯಾದ ಯುವಕನ ಮನೆಗೆ ಹೋಗಿ, ನೀನು ಮಾಡಿದ್ದು ದೊಡ್ಡ ಕೆಲಸ ಮಗನೇ ಎಂದು ನಾವು ಹೇಳಿದ್ದೇವೆಯೇ? ಗೆಳೆಯರ ಕುಹಕದ ನಡುವೆ ಅವನು ಒಬ್ಬನೇ ನಿಂತಿದ್ದಾಗ ಅವನ ಪಕ್ಕದಲ್ಲಿ ಯಾರಿದ್ದರು?

ಕುರ್‌ಆನ್‌ನ ಅಲ್‌ಹುಜುರಾತ್ ಅಧ್ಯಾಯದ 11 ಮತ್ತು 12ನೇ ಸೂಕ್ತಗಳು ಪರಸ್ಪರ ಗೇಲಿ ಮಾಡುವುದನ್ನು, ಅಡ್ಡಹೆಸರಿನಿಂದ ಕರೆಯುವುದನ್ನು, ಗುಮಾನಿಯನ್ನು, ತಪ್ಪು ಹುಡುಕಿ ಇಣುಕುವುದನ್ನು, ಬೆನ್ನ ಹಿಂದೆ ಆಡಿಕೊಳ್ಳುವುದನ್ನು ನಿಷೇಧಿಸುತ್ತವೆ. ಇವೆಲ್ಲವೂ ಮನುಷ್ಯನನ್ನು ಒಳಗಿನಿಂದ ಕುಗ್ಗಿಸುವ ಕೆಲಸಗಳು. ಹೊರಗಿನವರು ನಮ್ಮನ್ನು ಕುಗ್ಗಿಸುವಾಗ ನಾವು ಪ್ರತಿಭಟಿಸುತ್ತೇವೆ, ಮನವಿ ಕೊಡುತ್ತೇವೆ, ನ್ಯಾಯಾಲಯಕ್ಕೆ ಹೋಗುತ್ತೇವೆ. ಅದು ಸರಿ. ಮನೆಯೊಳಗೆ, ಮದ್ರಸದೊಳಗೆ ನಾವೇ ನಮ್ಮ ಮಕ್ಕಳನ್ನು ಕುಗ್ಗಿಸುವಾಗ ಅವರು ಯಾರಿಗೆ ಮನವಿ ಕೊಡಬೇಕು? ದಪ್ಪಗಿರುವವನನ್ನು, ಕಪ್ಪಗಿರುವವಳನ್ನು, ತೊದಲುವವನನ್ನು ಕರೆಯಲು ನಮ್ಮ ಮನೆಗಳಲ್ಲಿ ಬಳಸುವ ಹೆಸರುಗಳನ್ನು ಒಮ್ಮೆ ನೆನಪಿಸಿಕೊಳ್ಳಿರಿ.

ನಾವು ದೊಡ್ಡ ಕಾರ್ಯಕ್ರಮವನ್ನೇನೂ ನಿಮ್ಮ ಮುಂದಿಡುವುದಿಲ್ಲ. ಈ ವಾರಕ್ಕೆ ಎರಡು ಕೆಲಸ. ಒಂದು, ಇಂದು ರಾತ್ರಿ ಊಟಕ್ಕೆ ಕುಳಿತಾಗ ಪ್ರತಿಯೊಬ್ಬ ತಂದೆಯೂ ತನ್ನ ಒಂದೊಂದು ಮಗುವಿಗೆ, ಹಾಗೆಯೇ ಮಕ್ಕಳ ತಾಯಿಗೆ, ಅವರು ಮಾಡಿದ ಒಂದು ಒಳ್ಳೆಯ ಕೆಲಸವನ್ನು ಹೆಸರಿಸಿ ಹೇಳಲಿ. ಮೊದಲ ದಿನ ಮನೆಯವರು ಅಚ್ಚರಿಯಿಂದ ನೋಡಿಯಾರು, ನಕ್ಕಾರು. ನಾಚಿಕೊಳ್ಳಬೇಡಿ. ಸಹೋದರನನ್ನು ಪ್ರೀತಿಸುವವನು ಆ ಪ್ರೀತಿಯನ್ನು ಅವನಿಗೆ ತಿಳಿಸಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಮನೆಯವರಿಗೆ ತಿಳಿಸುವುದರಲ್ಲಿ ನಾಚಿಕೆ ಏಕೆ? ಎರಡು, ನಿಮ್ಮ ಓಣಿಯ ಆರು ಮಕ್ಕಳನ್ನು ವಾರದ ಒಂದು ಸಂಜೆ ಒಟ್ಟುಗೂಡಿಸಿ. ಮೂರು ಮೂರು ನಿಮಿಷ ಮಾತನಾಡಲು ಬಿಡಿ. ನೀವು ಮಾಡಬೇಕಾದುದು ಕೇಳುವುದು, ಕೇಳಿದುದರಲ್ಲಿ ಒಳಿತನ್ನು ಹೇಳುವುದು, ಅಷ್ಟೇ. ತಿದ್ದಲು ನಾಲಗೆ ತುರಿಸಿದರೆ ಒಂದು ವಾರದ ಮಟ್ಟಿಗಾದರೂ ಅದನ್ನು ತಡೆಹಿಡಿಯಿರಿ.

ನಮ್ಮ ನಡುವೆ ಎಲ್ಲೋ ಒಂದು ಮನೆಯಲ್ಲಿ ಉತ್ತರ ತಿಳಿದಿರುವ ಮಗುವೊಂದು ಹಿರಿಯರ ಮುಖ ನೋಡುತ್ತಾ ಸುಮ್ಮನೆ ಕುಳಿತಿದೆ. ನಾವು ಅದರತ್ತ ತಿರುಗಿ, ನೀನು ಹೇಳು ಮಗೂ, ನಾವು ಕೇಳುತ್ತಿದ್ದೇವೆ ಎನ್ನೋಣ. ಬೀಡಿ ಸುತ್ತುವ ಅಜ್ಜಿಯ ಕುರಿತು ಹೇಳಿದ ಆ ಹುಡುಗಿಗೆ ನಾವು ಹೊತ್ತಿಗೆ ಸರಿಯಾಗಿ ಹೇಳದೆ ಉಳಿದ ಮಾತದು.

ಅಲ್ಲಾಹನು ನಮ್ಮ ನಾಲಗೆಯನ್ನು ಒಳಿತಿನ ಸಾಕ್ಷ್ಯವನ್ನಾಗಿ ಮಾಡಲಿ, ನಮ್ಮ ಮಾತಿನಿಂದ ನೊಂದವರ ಹೃದಯಗಳಿಗೆ ಸಾಂತ್ವನ ನೀಡಲಿ. ಆಮೀನ್. ವಸ್ಸಲಾಂ.